ಬಲ್ಲವರ ಕಣ್ಣಿಗೆ ಬೀಳದ್ದು

ಬಚ್ಚಲುಮನೆಗೆ ಟೈಲ್ಸ್ ಹಾಕಿ ಮುಗಿಸಿದ ಮೇಲೆ ಹಳೆಯ ಮೇಸ್ತ್ರಿಗಳು ಒಂದು ಕೆಲಸವನ್ನು ತಪ್ಪದೆ ಮಾಡುತ್ತಾರೆ. ನೀರು ಹೋಗುವ ಕಂಡಿಯಿಂದ ದೂರದ ಮೂಲೆಗೆ ಹೋಗಿ, ಒಂದು ಚೆಂಬು ನೀರು ಸುರಿದು, ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ನೀರು ತಾನಾಗಿ ಕಂಡಿ ಹುಡುಕಿಕೊಂಡು ಹೋದರೆ ವಾಟ ಸರಿಯಾಗಿದೆ ಎಂದು ಅರ್ಥ. ನಡುವೆ ಎಲ್ಲೋ ನಿಂತರೆ, ರಸಮಟ್ಟ ಏನೇ ಹೇಳಿರಲಿ, ಅಷ್ಟು ಜಾಗ ಕಿತ್ತು ಮತ್ತೆ ಹಾಕಬೇಕು. ರಸಮಟ್ಟವೂ ಅವರದ್ದೇ, ಅದನ್ನು ನಂಬಿಯೇ ಅವರು ಕೆಲಸ ಮಾಡಿರುತ್ತಾರೆ. ಆದರೂ ನೀರು ಸುರಿದು ನೋಡದೆ ಅವರಿಗೆ ಕೂಲಿ ಕೇಳುವ ಮನಸ್ಸಾಗುವುದಿಲ್ಲ.

ಮೇಸ್ತ್ರಿಯ ಈ ಅಭ್ಯಾಸ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಹಬಲ್ ದೂರದರ್ಶಕದ ಕಥೆ ಓದಿದಾಗ. 1990ರ ಏಪ್ರಿಲ್‌ನಲ್ಲಿ ಅದನ್ನು ಆಕಾಶಕ್ಕೆ ಏರಿಸಿದರು. ಮುಖ್ಯ ಕನ್ನಡಿಯ ಅಗಲ 2.4 ಮೀಟರ್. ಅದನ್ನು ಉಜ್ಜಿ ನುಣುಪು ಮಾಡಲು ಅಮೆರಿಕದ ಅತ್ಯುತ್ತಮ ಕೈಗಳು ದುಡಿದಿದ್ದವು. ಮೇಲಿಂದ ಬಂದ ಮೊದಲ ಚಿತ್ರಗಳು ಮಾತ್ರ ಮಸುಕು ಮಸುಕು. ಹುಡುಕಿದಾಗ ಗೊತ್ತಾಯಿತು, ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ 2.2 ಮೈಕ್ರಾನ್‌ನಷ್ಟು ಚಪ್ಪಟೆಯಾಗಿತ್ತು. ಮನುಷ್ಯನ ಕೂದಲೆಳೆಯ ಐವತ್ತನೇ ಒಂದು ಭಾಗ ಎನ್ನಬಹುದು. ಆದರೆ ಆ ತಪ್ಪಿಗೆ ಕಾರಣ ಅಷ್ಟು ಸೂಕ್ಷ್ಮವಾದದ್ದಲ್ಲ. ಕನ್ನಡಿಯ ಆಕಾರವನ್ನು ಅಳೆಯುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಅದನ್ನು ಕೂರಿಸಲು ಒಂದು ಅಳತೆಗೋಲಿನ ತುದಿಗೆ ಬೆಳಕು ಬಿಟ್ಟು ನೋಡುತ್ತಿದ್ದರು. ಗೋಲಿನ ತುದಿಯ ಮುಚ್ಚಳಕ್ಕೆ ಬೆಳಕು ಚಿಮ್ಮದ ಹಾಗೆ ಕಪ್ಪು ಲೇಪ ಕೊಟ್ಟಿದ್ದರು. ಆ ಲೇಪ ಒಂದು ಚೂರು ಎದ್ದುಹೋಗಿತ್ತು. ಬೆಳಕು ಗೋಲಿನಿಂದ ಚಿಮ್ಮುವ ಬದಲು ಮುಚ್ಚಳದಿಂದ ಚಿಮ್ಮಿತು, ಅಳತೆ ತಪ್ಪಿತು.

ಇಲ್ಲಿಯವರೆಗೆ ಯಾರನ್ನೂ ದೂರುವ ಹಾಗಿಲ್ಲ. ಬಣ್ಣ ಏಳುತ್ತದೆ, ಯಾರ ಮನೆಯಲ್ಲಿ ಎದ್ದಿಲ್ಲ? ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಸಂಗತಿ. ಅಳತೆ ತೋರಿಸಿದ ಜಾಗಕ್ಕೆ ಮಸೂರ ಇಳಿಯಲೇ ಇಲ್ಲ. ಆಗ ಕೆಲಸಗಾರರು, ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವಂಥ ಮೂರು ಸಾಮಾನ್ಯ ವಾಷರ್‌ಗಳನ್ನು ಅಡಿಗೆ ಇಟ್ಟು ಅಳತೆ ಹೊಂದಿಸಿದರು. ಅಷ್ಟು ನಿಖರವಾಗಿ ಮಾಡಿದ ಉಪಕರಣದಲ್ಲಿ ವಾಷರ್ ಇಡುವ ಪ್ರಸಂಗ ಬಂದಾಗಲೇ ಯಾರಾದರೂ ‘ಇದು ಯಾಕೆ ಹೀಗೆ?’ ಎಂದು ಕೇಳಬೇಕಿತ್ತು. ಅದೂ ಹೋಗಲಿ. ಕನ್ನಡಿಯನ್ನು ಇನ್ನೆರಡು ಸರಳ ಉಪಕರಣಗಳಲ್ಲೂ ಪರೀಕ್ಷಿಸಿದ್ದರು. ಎರಡೂ ‘ದೋಷ ಇದೆ’ ಎಂದೇ ತೋರಿಸಿದ್ದವು. ಆದರೆ ಅವು ಒರಟು ಉಪಕರಣಗಳು, ನಮ್ಮ ಹೊಸ ಉಪಕರಣವೇ ಹೆಚ್ಚು ನಿಖರ ಎಂದುಕೊಂಡು ಬಲ್ಲವರು ಆ ಮಾತನ್ನು ಬದಿಗಿಟ್ಟರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ದುರಸ್ತಿ ಮಾಡಿ ಬಂದರು. ಆಮೇಲೆ ಆ ದೂರದರ್ಶಕ ತೋರಿಸಿದ ಬ್ರಹ್ಮಾಂಡವನ್ನು ನಾವೆಲ್ಲ ಕಣ್ತುಂಬ ನೋಡಿದ್ದೇವೆ.

ಇಂಥ ಪ್ರಸಂಗ ಹೇಳಿದರೆ ನಮ್ಮಲ್ಲಿ ‘ಓದಿ ಓದಿ ಮರುಳಾದ ಕೂಚಂಭಟ್ಟ’ ಎಂದು ನಕ್ಕು ಮುಗಿಸುವುದು ರೂಢಿ. ಆ ನಗೆ ನನಗೆ ಒಪ್ಪಿಗೆಯಾಗುವುದಿಲ್ಲ. ಓದಿದ್ದರಿಂದ ಅವರು ಮರುಳಾದರು ಎಂಬುದು ಸುಳ್ಳು. ಆ ಕನ್ನಡಿ ಉಜ್ಜಿದವರು ತಮ್ಮ ಆಯುಷ್ಯದ ಒಂದು ಪಾಲನ್ನು ಅದಕ್ಕೆ ಕೊಟ್ಟಿದ್ದರು. ಬಹಳ ದಿನ ಒಂದೇ ಕೆಲಸ ಮಾಡಿದವರಿಗೆ ಪ್ರತಿಸಲ ನೋಡಬೇಕಾದ ಅಗತ್ಯ ಬೀಳುವುದಿಲ್ಲ, ಕೈಗೆ ಎಲ್ಲ ಗೊತ್ತಿರುತ್ತದೆ. ಹಾಗೆ ಗೊತ್ತಿರುವುದಕ್ಕೇ ಅವರನ್ನು ನಾವು ಬಲ್ಲವರು ಎನ್ನುವುದು. ಹೊಸದಾಗಿ ಸೈಕಲ್ ಕಲಿಯುವವನು ಪೆಡಲನ್ನೇ ನೋಡುತ್ತಾನೆ, ಕಲಿತವನು ದಾರಿ ನೋಡುತ್ತಾನೆ. ಪೆಡಲಿನ ಬೋಲ್ಟು ಸಡಿಲವಾದದ್ದು ಕಲಿತವನಿಗೆ ಕಾಣದೆ ಹೋಗುವುದು ಅವನ ದಡ್ಡತನದಿಂದಲ್ಲ.

ಪಂಚತಂತ್ರದ ಕಥೆಯೊಂದು ಎಲ್ಲರಿಗೂ ಗೊತ್ತು. ನಾಲ್ವರು ಗೆಳೆಯರಲ್ಲಿ ಮೂವರು ವಿದ್ಯಾವಂತರು, ಒಬ್ಬನಿಗೆ ಬರೀ ಬುದ್ಧಿ. ಕಾಡಿನಲ್ಲಿ ಬಿದ್ದಿದ್ದ ಸಿಂಹದ ಮೂಳೆಗಳನ್ನು ಒಬ್ಬ ಜೋಡಿಸಿದ, ಇನ್ನೊಬ್ಬ ರಕ್ತಮಾಂಸ ತುಂಬಿದ, ಮೂರನೆಯವನು ಜೀವ ಕೊಡಲು ಹೊರಟ. ನಾಲ್ಕನೆಯವನು ಮರ ಹತ್ತಿ ಬದುಕಿಕೊಂಡ. ಅವನು ಮರ ಹತ್ತಿದ್ದು ಎಲ್ಲರಿಗೂ ನೆನಪಿರುತ್ತದೆ, ಹತ್ತುವ ಮೊದಲು ಬೇಡ ಎಂದು ಹೇಳಿದ್ದು ನೆನಪಿರುವುದಿಲ್ಲ. ಹೊರಡುವಾಗಲೇ ಗೆಳೆಯರಲ್ಲಿ ಇಬ್ಬರು, ಇವನಿಗೆ ವಿದ್ಯೆಯಿಲ್ಲ, ನಮ್ಮ ಗಳಿಕೆಯಲ್ಲಿ ಇವನಿಗೆ ಪಾಲೇಕೆ, ಮನೆಗೆ ಹೋಗಲಿ ಎಂದಿದ್ದರು. ಅಂಥವನ ಮಾತಿಗೆ ಸಿಂಹದ ಮುಂದೆ ಬೆಲೆ ಎಲ್ಲಿಂದ ಬರಬೇಕು? ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಇದು. ದೊಡ್ಡವರ ಸಣ್ಣ ತಪ್ಪುಗಳ ಹಿಂದೆ ಹೋದಾಗಲೆಲ್ಲ ಅದನ್ನು ಮೊದಲೇ ಕಂಡವರು ಒಬ್ಬರು ಸಿಕ್ಕಿಬಿಡುತ್ತಾರೆ. ಅವರು ಹೇಳಿರುತ್ತಾರೆ, ಇಲ್ಲವೆ ಹೇಳಲು ಜಾಗ ಇಲ್ಲದೆ ಸುಮ್ಮನಾಗಿರುತ್ತಾರೆ.

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಿದರು. ಪ್ಲಾನ್ ಹಾಕಿದ ಇಂಜಿನಿಯರು ಅನುಭವಸ್ಥರು. ಕಂಬ, ತೊಲೆ, ಕಬ್ಬಿಣದ ಲೆಕ್ಕ ಎಲ್ಲ ಗಟ್ಟಿ. ಇವತ್ತಿಗೂ ಆ ಮನೆಯಲ್ಲಿ ಒಂದು ಬಿರುಕು ಬಿಟ್ಟಿಲ್ಲ. ಜಾಗ ಉಳಿಸಲೆಂದು ಮೆಟ್ಟಿಲನ್ನು ನಡುವೆ ಚೂಪಾಗಿ ತಿರುಗಿಸಿದ್ದರು. ಗೃಹಪ್ರವೇಶ ಮುಗಿದು ಸಾಮಾನು ಸಾಗಿಸುವ ದಿನ ಚಿಕ್ಕಮ್ಮನ ಮದುವೆಯ ಕಬ್ಬಿಣದ ಬೀರು ಆ ತಿರುವಿನಲ್ಲಿ ಸಿಕ್ಕಿಕೊಂಡಿತು. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಬಾಗಿಲು ಕಳಚಿ ನೋಡಿದರು. ಹೊಸ ಗೋಡೆಯ ಬಣ್ಣ ಕಿತ್ತುಬಂತೇ ಹೊರತು ಬೀರು ಮೇಲೆ ಹೋಗಲಿಲ್ಲ. ಕೊನೆಗೆ ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟು ಆರು ಜನ ಸೇರಿ ಎಳೆದುಕೊಂಡರು. ಮಂಚ, ಫ್ರಿಜ್ಜು, ಹೊಲಿಗೆ ಯಂತ್ರ, ಎಲ್ಲಕ್ಕೂ ಅದೇ ದಾರಿಯಾಯಿತು.

ಹಗ್ಗ ಹಿಡಿದಿದ್ದ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಆಗ ಒಂದು ಮಾತು ಹೇಳಿದರು. ಮೆಟ್ಟಿಲಿನ ಕಾಂಕ್ರೀಟು ಆದ ವಾರದಲ್ಲೇ, ಗಾರೆ ಹೊರುತ್ತಿದ್ದ ಹೆಂಗಸು, “ಅಣ್ಣ, ಇಲ್ಲಿ ಬಾಂಡ್ಲಿ ಹೊತ್ಕಂಡು ನಾನೇ ಓರೆಯಾಗಿ ತಿರೀಕತಿನಿ, ಈ ಮನೆಯವ್ರು ಮಂಚ ಹೆಂಗೆ ಹತ್ತಿಸ್ತಾರೆ?” ಎಂದು ಕೇಳಿದ್ದಳಂತೆ. “ಇಂಜಿನಿಯರ್ ಸಾಹೇಬ್ರು ಹಾಕವ್ರೆ ಕಣವ್ವ, ನಿಂಗ್ಯಾಕೆ” ಎಂದು ಮೇಸ್ತ್ರಿ ಸುಮ್ಮನಾಗಿಸಿದ್ದರಂತೆ. ಆ ತಿರುವು ಇಂಜಿನಿಯರಿಗೆ ಕಾಗದದ ಮೇಲೆ ಗೊತ್ತಿತ್ತು, ಮೇಸ್ತ್ರಿಗೆ ದಾರ ಹಿಡಿದು ಗೊತ್ತಿತ್ತು. ದಿನಕ್ಕೆ ನೂರು ಸಲ ತಲೆ ಮೇಲೆ ಭಾರ ಹೊತ್ತು ಹತ್ತಿಳಿದವಳಿಗೆ ಮೈಯಿಂದಲೇ ಗೊತ್ತಿತ್ತು. ಅವಳ ಮಾತು ಮೇಸ್ತ್ರಿಯನ್ನು ದಾಟಿ ಇನ್ನೊಂದು ಮೆಟ್ಟಿಲು ಮೇಲೆ ಹೋಗಿದ್ದರೆ ಸಾಕಿತ್ತು. ಆ ಇಂಜಿನಿಯರು ಒಳ್ಳೆಯ ಮನುಷ್ಯ, ಕೇಳಿದ್ದರೆ ಖಂಡಿತ ಯೋಚನೆ ಮಾಡುತ್ತಿದ್ದರು.

ಕೆನಡಾದಲ್ಲಿ 1983ರ ಜುಲೈ 23ರಂದು ನಡೆದದ್ದು ಇದಕ್ಕಿಂತ ಭಯದ್ದು. ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767, ಮಾಂಟ್ರಿಯಲ್‌ನಿಂದ ಒಟ್ಟಾವಾ ಮೇಲೆ ಎಡ್ಮಂಟನ್‌ಗೆ ಹೊರಡಬೇಕು. ಇಂಧನ ತೋರಿಸುವ ಮೀಟರು ಕೆಟ್ಟಿತ್ತು. ಸರಿ, ಅಳತೆಕಡ್ಡಿ ಇಳಿಸಿ ನೋಡಿದರು. ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಬೇಕಾದದ್ದು 22,300 ಕಿಲೋ. ಇನ್ನೆಷ್ಟು ತುಂಬಬೇಕು ಎಂದು ಲೆಕ್ಕ ಹಾಕುವಾಗ ಲೀಟರನ್ನು 1.77ರಿಂದ ಗುಣಿಸಿದರು. 1.77 ಎಂಬುದು ಪೌಂಡಿನ ಲೆಕ್ಕ. ಆ ವಿಮಾನ ಮಾತ್ರ ಕಿಲೋಗ್ರಾಂ ಲೆಕ್ಕದ್ದು. ನೆಲದ ಸಿಬ್ಬಂದಿ ಗುಣಿಸಿದರು, ವಿಮಾನ ಚಾಲಕರೂ ಗುಣಿಸಿ ನೋಡಿದರು, ಎಲ್ಲರಿಗೂ ಉತ್ತರ ಒಂದೇ ಬಂತು. ಬೇಕಾದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನ ತುಂಬಿಕೊಂಡು ವಿಮಾನ ಏರಿತು. ನಡು ಆಕಾಶದಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ಎಂಜಿನ್ ನಿಂತುಹೋಯಿತು.

ನಮ್ಮ ಅಡುಗೆಮನೆಯಲ್ಲಿರುವ ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತೆಗೆದು ನೋಡಿ, 910 ಗ್ರಾಂ ಎಂದು ಅಚ್ಚಾಗಿರುತ್ತದೆ. ನೀರು ಲೀಟರಿಗೆ ಒಂದು ಕಿಲೋ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಆದ್ದರಿಂದ ಅದಕ್ಕಿಂತ ಹಗುರ. ವಿಮಾನದ ಇಂಧನವೂ ಸೀಮೆಎಣ್ಣೆಯ ಜಾತಿಯದ್ದೇ, ಲೀಟರಿಗೆ ಸುಮಾರು 800 ಗ್ರಾಂ. ಲೀಟರಿಗೆ ಒಂದೂ ಮುಕ್ಕಾಲು ಕಿಲೋ ತೂಗುವ ಎಣ್ಣೆ ಎಲ್ಲಾದರೂ ಉಂಟೇ? ದೀಪಕ್ಕೆ ಎಣ್ಣೆ ಹಾಕುವ ಯಾವ ಮನೆಯವರಿಗೂ ಇದು ಬಾರದ ತಿಳಿವಳಿಕೆಯಲ್ಲ. ಆದರೆ ಅಲ್ಲಿದ್ದವರ ಎದುರಿಗೆ ಎಣ್ಣೆ ಇರಲಿಲ್ಲ, ಅಂಕಿ ಇತ್ತು. ಒಬ್ಬರಾದ ಮೇಲೆ ಒಬ್ಬರು ಗುಣಾಕಾರ ಸರಿಯಿದೆಯೇ ಎಂದು ನೋಡಿದರು, ಗುಣಿಸಿದ ಸಂಖ್ಯೆಯನ್ನು ನೋಡಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಹಳೆಯ ದೊಡ್ಡ ವಿಮಾನಗಳಲ್ಲಿ ಇಬ್ಬರು ಚಾಲಕರ ಜೊತೆ ಫ್ಲೈಟ್ ಇಂಜಿನಿಯರ್ ಎಂಬ ಮೂರನೆಯವರು ಇರುತ್ತಿದ್ದರು. ಇಂಧನದ ಲೆಕ್ಕ ಅವರ ಪಾಲಿಗೆ ಬರುತ್ತಿತ್ತು. ಹೊಸ ವಿಮಾನದಲ್ಲಿ ಕಂಪ್ಯೂಟರ್ ಇದೆಯಲ್ಲ ಎಂದು ಆ ಕುರ್ಚಿಯನ್ನೇ ತೆಗೆದಿದ್ದರು. ಕೆಲಸ ಹಂಚುವಾಗ ಆ ಲೆಕ್ಕ ಇನ್ನು ಯಾರದ್ದು ಎಂದು ಸ್ಪಷ್ಟವಾಗಿ ಹೇಳಿರಲಿಲ್ಲ.

ಆ ದಿನ ವಿಮಾನದಲ್ಲಿದ್ದ 69 ಜನರೂ ಬದುಕಿದರು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವವರು. ಸಹಚಾಲಕ ಮಾರಿಸ್ ಕ್ವಿಂಟಲ್‌ಗೆ ಹತ್ತಿರದಲ್ಲಿದ್ದ ಗಿಮ್ಲಿ ಎಂಬ ಹಳೆಯ ವಾಯುನೆಲೆ ನೆನಪಾಯಿತು. ಅಲ್ಲಿ ಕಾರು ರೇಸು ನಡೆಯುತ್ತಿತ್ತು. ಸದ್ದಿಲ್ಲದೆ ಇಳಿದ ವಿಮಾನ ಜನರಿಂದ ಸ್ವಲ್ಪ ದೂರದಲ್ಲಿ ಮೂಗೂರಿ ನಿಂತಿತು. ತಪ್ಪನ್ನು ಹಿಡಿಯದೆ ಬಿಟ್ಟವರಲ್ಲಿ ಈ ಇಬ್ಬರೂ ಸೇರಿದ್ದರು, ಅಷ್ಟು ಜನರ ಪ್ರಾಣ ಉಳಿಸಿದ್ದೂ ಇವರ ಪರಿಣತಿಯೇ. ಬಲ್ಲವರ ಬಗ್ಗೆ ಹಗುರವಾಗಿ ಮಾತಾಡುವವರು ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕೆಂದು ನನಗೆ ಆಸೆ.

ಯಾಕೆಂದರೆ ಸಾಮಾನ್ಯ ಬುದ್ಧಿಯೂ ಕೊಲ್ಲುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಡಬೇಡಿ, ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ನಂಬಿದ್ದರು. ಕಣ್ಣಿಗೆ ಕಾಣುವುದು ಹಾಗೆಯೇ. ಬಾಯಾರಿ ಅಳುವ ಎಷ್ಟು ಕೂಸುಗಳು ಈ ನಂಬಿಕೆಯಿಂದ ಹೋದವೋ. ಅದನ್ನು ತಿರುಗಿಸಿದ್ದು ವಿದ್ಯೆಯೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಸಲೈನ್ ಏರಿಸುವುದೇ ಚಿಕಿತ್ಸೆ ಎಂದು ವೈದ್ಯಲೋಕ ತಿಳಿದಿದ್ದ ಕಾಲ ಅದು. ಸಲೈನ್ ಮುಗಿಯುತ್ತ ಬಂದಿತ್ತು. ಕೋಲ್ಕತ್ತದ ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ಲೆಕ್ಕವಾಗಿ ನೀರಿಗೆ ಬೆರೆಸಿ, ನಲ್ಲಿ ಇರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಲೋಟದಲ್ಲಿ ಹಿಡಿದು ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದು ಯಾವ ಅಜ್ಜಿಯ ಕಣ್ಣಿಗೂ ಕಾಣುವಂಥದ್ದಲ್ಲ, ಪ್ರಯೋಗಾಲಯವೇ ಬೇಕು. ಆದರೆ ಆ ಅರಿವನ್ನು ಲೋಟದ ಮೂಲಕ ಒಬ್ಬ ತಾಯಿಯ ಕೈಗೆ ಕೊಡಬಹುದು ಎಂದು ಹೊಳೆಯಲು ಒಬ್ಬ ದೊಡ್ಡ ಮನಸ್ಸಿನ ವೈದ್ಯರೇ ಬೇಕಾಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಅವರನ್ನು ನೆನೆದಾಗ ಬನಗಾಂವ್‌ನ ಆ ದಿನಗಳಿಗೂ ನೂರಿಪ್ಪತ್ತೈದು ವರ್ಷ ಹಿಂದಿನ ವಿಯೆನ್ನಾದ ದೊಡ್ಡಾಸ್ಪತ್ರೆ ನೆನಪಾಗುತ್ತದೆ. ಅಲ್ಲಿ ಎರಡು ಹೆರಿಗೆ ವಿಭಾಗ. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ ಹನ್ನೊಂದು ಬಾಣಂತಿಯರು ಸತ್ತರು, ಸೂಲಗಿತ್ತಿಯರದ್ದರಲ್ಲಿ ಮೂವರಷ್ಟು. ಒಂದು ದಿನ ಈ ವಿಭಾಗಕ್ಕೆ ಸೇರಿಸಿಕೊಂಡರೆ ಮರುದಿನ ಆ ವಿಭಾಗಕ್ಕೆ. ವೈದ್ಯರ ವಿಭಾಗ ಎಂದು ಗೊತ್ತಾದ ಕೂಡಲೇ ತುಂಬುಬಸುರಿಯರು ಮೊಣಕಾಲೂರಿ, ಕೈಮುಗಿದು, ಅಲ್ಲಿಗೆ ಹಾಕಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರು ಒಳಗೆ ಹೆತ್ತವರಿಗಿಂತ ಹೆಚ್ಚು ಉಳಿಯುತ್ತಿದ್ದರು. ಊರಿನ ಹೆಂಗಸರಿಗೆಲ್ಲ ತಿಳಿದಿದ್ದ ಈ ಸತ್ಯಕ್ಕೆ ಪ್ರೊಫೆಸರುಗಳು ಕೆಟ್ಟ ಗಾಳಿ ಎಂದರು, ಹವೆ ಎಂದರು, ಹೆಂಗಸರ ಭಯವೇ ಕಾರಣ ಎಂದರು.

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನಿಗೆ ಆ ಬೇಡಿಕೆ ಮನಸ್ಸಿಗೆ ನಾಟಿತು. ವೈದ್ಯರು ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವನು ಕಟ್ಟುಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಇದ್ದ ಸಾವು ಜೂನ್ ಹೊತ್ತಿಗೆ ಎರಡಕ್ಕೆ ಬಂತು. ಇಷ್ಟಾದರೂ ಹಿರಿಯರು ಒಪ್ಪಲಿಲ್ಲ, ಅವನ ಹುದ್ದೆಯೂ ಉಳಿಯಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡ. ಶವ ಮುಟ್ಟಿ ಬಂದವರು ಸ್ನಾನ ಮಾಡದೆ ಮನೆಯೊಳಗೆ ಕಾಲಿಡದ ನಮ್ಮ ಜನಕ್ಕೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮವರಿಗೆ ರೋಗಾಣು ಗೊತ್ತಿತ್ತೆಂದು ನಾನು ಹೇಳುವುದಿಲ್ಲ, ಅದು ಮೈಲಿಗೆಯ ಲೆಕ್ಕ. ಆ ಲೆಕ್ಕ ಮಾಡಿದ ಅನ್ಯಾಯವೂ ನಮಗೆ ಗೊತ್ತಿದೆ. ನನ್ನ ಸಂಕಟ ಆ ಹೆಂಗಸರದ್ದು. ಅವರು ಮೊಣಕಾಲೂರಿ ಹೇಳಿದರು. ಅದಕ್ಕಿಂತ ಗಟ್ಟಿಯಾಗಿ ಹೇಗೆ ಹೇಳಬೇಕಿತ್ತು?

ಮೆಲ್ಲಗೆ ಹೇಳಿದವರೂ ಇದ್ದಾರೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ಜೆಟ್‌ಗಳು ಒಂದೇ ರನ್‌ವೇಯಲ್ಲಿದ್ದವು. ಒಂದನ್ನು ನಡೆಸುತ್ತಿದ್ದ ಡಚ್ ಕ್ಯಾಪ್ಟನ್ ತನ್ನ ಕಂಪನಿಯಲ್ಲಿ ಆ ವಿಮಾನದ ಚಾಲಕರಿಗೇ ಪಾಠ ಹೇಳುವವನು. ಕಂಪನಿಯ ಜಾಹೀರಾತಿನಲ್ಲಿ ಅವನದ್ದೇ ಚಿತ್ರ. ವಿಮಾನ ಓಡಲು ತೊಡಗಿದಾಗ ಹಿಂದೆ ಕೂತ ಫ್ಲೈಟ್ ಇಂಜಿನಿಯರ್, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ. ಮತ್ತೆ ಕೇಳಲು ಇಂಜಿನಿಯರ್‌ಗೆ ಬಾಯಿ ಬರಲಿಲ್ಲ. 583 ಜನ ಸತ್ತರು. ಕಾಕ್‌ಪಿಟ್ಟಿನಲ್ಲಿ ಕಿರಿಯರು ಎರಡನೆಯ ಸಲ, ಮೂರನೆಯ ಸಲ ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಪಾಠ ಮಾಡಿ ಕಲಿಸುವ ಕ್ರಮ ಲೋಕದಲ್ಲೆಲ್ಲ ಬಂದದ್ದು ಇಂಥ ದುರಂತಗಳ ಮೇಲೆ.

ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಕಲಿಸಿ ಬೆಳೆಸುವ ನಮಗೆ ಈ ಪಾಠ ಇನ್ನೂ ಹೆಚ್ಚು ಬೇಕು. ನಮ್ಮ ಆಸ್ಪತ್ರೆಗಳಲ್ಲಿ ಸಿಸ್ಟರು ವೈದ್ಯರಿಗೆ ತಪ್ಪು ಹೇಳುವ ರೀತಿ ಕೇಳಿದ್ದೀರಾ? “ಸರ್, ಇನ್ನೊಂದ್ಸಲ ನೋಡ್ತೀರಾ ಸರ್?” ಅಷ್ಟೇ. ಅಷ್ಟರಲ್ಲಿ ಎಲ್ಲವೂ ಇರುತ್ತದೆ, ಕೇಳಿಸಿಕೊಳ್ಳುವ ಕಿವಿ ಇದ್ದರೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಒಂದು ಪುಟದ ಪಟ್ಟಿ ಹೊರಡಿಸಿತು. ಅತುಲ್ ಗವಾಂಡೆ ಎಂಬ ಶಸ್ತ್ರವೈದ್ಯರ ಮುಂದಾಳ್ತನದಲ್ಲಿ ಆದ ಕೆಲಸ ಅದು. ರೋಗಿ ಇವರೇ ಹೌದೇ, ಕೊಯ್ಯಬೇಕಾದ ಜಾಗಕ್ಕೆ ಗುರುತು ಹಾಕಿದೆಯೇ, ಹೊಲಿಯುವ ಮೊದಲು ಬಟ್ಟೆ, ಸೂಜಿಗಳ ಎಣಿಕೆ ಸರಿಯೇ, ಇಂಥ ಪ್ರಶ್ನೆಗಳು. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಇದನ್ನು ಓದಿ ಹೇಳುವುದೇ ಎಂದು ಹಲವರಿಗೆ ಅವಮಾನವಾಗಿತ್ತು. ದೆಹಲಿಯೂ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ, ನೂರಕ್ಕೆ 1.5 ಇದ್ದ ಸಾವು 0.8ಕ್ಕೆ ಇಳಿಯಿತು. ಆ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಾಲಿದೆ. ಕತ್ತರಿ ಎತ್ತುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ಒಮ್ಮೆ ತನ್ನ ಹೆಸರು ಹೇಳಿದವಳಿಗೆ ಆಮೇಲೆ ‘ಸರ್, ತಡೀರಿ’ ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ.

ಇದನ್ನು ಯಾರೂ ಕಲಿಸದೆ ಕಂಡುಕೊಂಡವರನ್ನೂ ನಾನು ನೋಡಿದ್ದೇನೆ. ತೀರ್ಥಹಳ್ಳಿ ಕಡೆ ಮದುವೆ, ಉಪನಯನಗಳಿಗೆ ಅಡುಗೆ ಮಾಡುವ ಹಿರಿಯ ಭಟ್ಟರೊಬ್ಬರು. ಸಾವಿರ ಎಲೆಯ ಊಟವಾದರೂ ಉಪ್ಪನ್ನು ಅಳೆಯುವುದು ಅಂಗೈಯಲ್ಲೇ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ, ಹಬೆಯ ವಾಸನೆಯಲ್ಲೇ ತಿಳಿಯಬೇಕು. ಅವರಿಗೆ ತಿಳಿಯುತ್ತದೆ ಕೂಡ. ಆದರೂ ನೈವೇದ್ಯವಾಗಿ ಪಂಕ್ತಿ ಕೂರುವ ಮೊದಲು ಬಡಿಸುವವರಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನನ್ನು ಹತ್ತಿರ ಕರೆದು, ದೊನ್ನೆಯಲ್ಲಿ ಸಾರು, ಹುಳಿ, ಪಾಯಸ ಒಂದೊಂದಾಗಿ ಕೊಟ್ಟು ಅವನ ಮುಖ ನೋಡುತ್ತ ನಿಲ್ಲುತ್ತಾರೆ. ಚಿಕ್ಕವನನ್ನೇ ಯಾಕೆ ಎಂದು ಕೇಳಿದೆ. “ದೊಡ್ಡವ್ರಾದ್ರೆ ನನ್ ಮುಖ ನೋಡಿ ಚೆನ್ನಾಗಿದೆ ಅಂತಾರೆ ಮಾರಾಯ್ರೆ” ಎಂದರು. ಆ ದಿನ ಹುಡುಗ ಸಾರು ಕುಡಿದು ಸ್ವಲ್ಪ ಅನುಮಾನಿಸಿದ. ಭಟ್ಟರು ಬಗ್ಗಿ, “ಹೇಳೋ, ಹೆದರ್ಬೇಡ” ಎಂದರು.

“ಉಪ್ಪು ಒಂಚೂರು ಮುಂದಾಯ್ತು ಭಟ್ರೇ.”

ಭಟ್ಟರು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ತಾವೂ ನೋಡಿದರು. ಒಲೆಯ ಕಡೆ ತಿರುಗಿ, “ಇನ್ನೊಂದು ಕೊಳಗ ಬೇಳೆಕಟ್ಟು ತಂದು ಹೊಯ್ಯಿರೋ, ಎಲೆ ಹಾಕೋದು ಹತ್ತು ನಿಮಿಷ ತಡ ಆಗ್ಲಿ ಅಂತ ಯಜಮಾನ್ರಿಗೆ ಹೇಳಿ” ಎಂದು ಕೂಗಿ, ಹುಡುಗನ ಕೈಗೆ ಹುಳಿಯ ದೊನ್ನೆ ಕೊಟ್ಟರು.